ಪದ ಪರಿಚಯ: ಮನೆ ಮ್ಯೂಸಿಯಂ

ಹೆಸರಾಂತರು ಬಾಳಿದ ಮನೆಯನ್ನು ಕೋಣೆ, ಪಾತ್ರೆ, ಪೆಟ್ಟಿಗೆಗಳ ಸಮೇತ ಇದ್ದಲ್ಲೇ ಉಳಿಸಿ ಜನರಿಗೆ ತೆರೆದರೆ ಅದು ಮನೆ ಮ್ಯೂಸಿಯಂ. ಇಲ್ಲಿ ಕಟ್ಟಡವೇ ಮೊದಲ ವಸ್ತು. ಕಡಗೋಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಬರೀ ಕೋಲು ಕಾಣುತ್ತದೆ. ಮಜ್ಜಿಗೆ ಕಡೆಯುವ ಕಂಬದ ಹತ್ತಿರವೇ ಬಿಟ್ಟರೆ ಹಗ್ಗ ಉಜ್ಜಿ ಕಂಬ ಸವೆದದ್ದೂ ಕಾಣುತ್ತದೆ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ. ಕುವೆಂಪು ಬಾಲ್ಯ ಕಳೆದ ಮೂರಂತಸ್ತಿನ ತೊಟ್ಟಿಮನೆ, ಅಂದರೆ ನಡುವೆ ತೆರೆದ ಒಳಾಂಗಳ (ತೊಟ್ಟಿ) ಇರುವ ಮನೆ ಅದು. ಈಗ ಕುವೆಂಪು ಅವರ ಹೆಸರಿನ ಪ್ರತಿಷ್ಠಾನದ ಉಸ್ತುವಾರಿಯಲ್ಲಿದೆ.

ಮಲೆನಾಡಿನಲ್ಲಿ ಇಂಥ ಮನೆಗಳ ದೊಡ್ಡ ಕಷ್ಟ ಒಲೆ ಆರುವುದರಿಂದ ಶುರುವಾಗುತ್ತದೆ. ಸಂಸಾರವಿದ್ದಾಗ ದಿನವೂ ಏಳುವ ಹೊಗೆ ಅಟ್ಟದ ತೊಲೆ, ಪಕಾಸಿಗಳಿಗೆ ಅಂಟಿ, ಹುಳ ಬಾರದಂತೆ ತಡೆಯುತ್ತದೆ. ಬಿಸಿಗೆ ತೇವ ಆರುತ್ತದೆ. ಮ್ಯೂಸಿಯಂ ಆದಮೇಲೆ ಒಲೆಯೂ ಇಲ್ಲ, ಸಂಜೆಯಾದರೆ ಕಿಟಕಿಯೂ ಮುಚ್ಚಿರುತ್ತದೆ. ಒಂದೇ ಮಳೆಗಾಲದಲ್ಲಿ ಬಟ್ಟೆ, ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಗೋಡೆ ಹತ್ತುತ್ತದೆ. ಹಾಗಾಗಿ ಮಳೆಗೆ ಮುಂಚೆಯೇ ಒಡೆದ ಹೆಂಚು ಬದಲಿಸಬೇಕು, ತೊಟ್ಟಿಯ ನೀರು ಹೋಗುವ ದಾರಿ ಬಿಡಿಸಬೇಕು, ಬಿಸಿಲು ಬಿದ್ದ ದಿನ ಕಿಟಕಿಗಳನ್ನೆಲ್ಲ ತೆರೆಯಬೇಕು. ಬಿರುಕು ಬಿಟ್ಟ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯುವುದಂತೂ ಕೂಡದು: ಒಳಗಿನ ತೇವ ಹೊರಬರಲಾಗದೆ ಗಾರೆ ಹಪ್ಪಳದಂತೆ ಎದ್ದು, ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಮಣ್ಣಿಗೆ ಮಣ್ಣು ಇಲ್ಲವೇ ಸುಣ್ಣದ ಗಾರೆಯೇ ಸರಿ. ಹಸ್ತಪ್ರತಿ, ಬಟ್ಟೆಗಳ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು. ಮಾಸಿದ ಶಾಯಿ, ಬಣ್ಣ ಮತ್ತೆ ಮರಳುವುದಿಲ್ಲ.

ಭದ್ರತೆಯ ಮಾತೂ ಸಣ್ಣದಲ್ಲ. 2015ರಲ್ಲಿ ಕವಿಮನೆಯಿಂದಲೇ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದವು. ಬೆಲೆ ಕಟ್ಟಲಾಗದ ಚಿಕ್ಕ ವಸ್ತುಗಳ ಪ್ರತಿಕೃತಿಯನ್ನು ನೋಟಕ್ಕಿಟ್ಟು ಮೂಲವನ್ನು ಲಾಕರಿನಲ್ಲಿಡುವುದೇ ಕ್ಷೇಮ.

ಇನ್ನು ಕಾರ್ಯಕ್ರಮಗಳು. ಅವು ಆ ಮನೆಯ ಬದುಕಿನಿಂದಲೇ ಹುಟ್ಟಬೇಕು. ಎಲ್ಲಿ ಬೇಕಾದರೂ ಮಾಡಬಹುದಾದ ಸಭೆಗೆ ಈ ಜಗಲಿ ಯಾಕೆ? ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಆಡಂಬರವಿಲ್ಲದ ಮಂತ್ರಮಾಂಗಲ್ಯವಾಗಿ ನಡೆಸಿದ್ದರು. ಇಂದಿಗೂ ಜೋಡಿಗಳು ಕುಪ್ಪಳಿಗೆ ಬಂದು ಹಾಗೆ ಮದುವೆಯಾಗುವುದು ಈ ಮಾತಿಗೆ ಸಾಕ್ಷಿ. ಶಾಲಾ ಮಕ್ಕಳು ಬಂದರೆ ಮರದ ಮಹಡಿಗೆ ಒಮ್ಮೆಗೆ ಹತ್ತು-ಹದಿನೈದು ಮಂದಿಯನ್ನಷ್ಟೇ ಬಿಡಿ, ಉಳಿದವರಿಗೆ ಅಂಗಳದಲ್ಲಿ ರಾಗಿ ಬೀಸುವ ಕೆಲಸ ಕೊಡಿ. ಆದರೆ ಅದಕ್ಕೆ ಮನೆಯ ಹಳೆಯ ಬೀಸುಕಲ್ಲು ಬೇಡ, ಅದೇ ಅಳತೆಯ ಹೊಸದೊಂದನ್ನು ಮಾಡಿಸಿಡಿ.