ಲ್ಯೂವೆನ್: ಪುಸ್ತಕದ ಕಪಾಟೂ ಪಾಲಾದ ಕತೆ

2025ರಲ್ಲಿ ಬೆಲ್ಜಿಯಂನ ಎರಡು ವಿಶ್ವವಿದ್ಯಾಲಯಗಳು 600 ವರ್ಷ ತುಂಬಿದ ಸಂಭ್ರಮ ಆಚರಿಸಿದವು. ಒಂದು ಲ್ಯೂವೆನ್ ಊರಿನದು, ಅಲ್ಲಿ ಡಚ್ ಭಾಷೆ. ಇನ್ನೊಂದು ಅಲ್ಲಿಂದ ಸುಮಾರು 25 ಕಿ.ಮೀ. ದೂರದ ಲೂವ್ಯಾ-ಲಾ-ನವ್‌ನದು, ಅಲ್ಲಿ ಫ್ರೆಂಚ್. ಎರಡನೆಯ ಊರು ಹುಟ್ಟಿದ್ದೇ 1971ರಲ್ಲಿ. ಹಾಗಾದರೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ 600 ವರ್ಷ ಹೇಗಾಯಿತು?

ಪೋಪ್ ಐದನೇ ಮಾರ್ಟಿನ್ 1425ರಲ್ಲಿ ಅಪ್ಪಣೆ ಕೊಟ್ಟಾಗ ಇದ್ದದ್ದು ಒಂದೇ ವಿಶ್ವವಿದ್ಯಾಲಯ, ಲ್ಯೂವೆನ್‌ನಲ್ಲಿ. ಫ್ರೆಂಚ್ ಭಾಷಿಕರು ಆ ಊರನ್ನೇ ಲೂವ್ಯಾ ಅನ್ನುತ್ತಾರೆ. ಆಗ ಪಾಠವೆಲ್ಲ ಲ್ಯಾಟಿನ್‌ನಲ್ಲಿ. ಹೆಸರಾಂತ ವಿದ್ವಾಂಸ ಎರಾಸ್ಮಸ್ ಇಲ್ಲಿದ್ದರು, ನಕಾಶೆಯ ಮರ್ಕೇಟರ್ ಇಲ್ಲೇ ಓದಿದರು. 1797ರಲ್ಲಿ ಫ್ರೆಂಚ್ ಆಡಳಿತ ಬಾಗಿಲು ಹಾಕಿಸಿತು, 1830ರ ದಶಕದಲ್ಲಿ ಬಿಷಪ್‌ಗಳು ಮತ್ತೆ ತೆರೆದರು. ಈ ಸಲ ಪಾಠದ ಭಾಷೆ ಫ್ರೆಂಚ್. ಊರಿನ ಜನ ಆಡುತ್ತಿದ್ದದ್ದು ಮಾತ್ರ ಡಚ್. ಬಿಕ್ಕಟ್ಟಿನ ಬೇರು ಇಲ್ಲಿದೆ.

ನಡುವೆ ಗ್ರಂಥಾಲಯಕ್ಕೆ ಎರಡು ಸಲ ಬೆಂಕಿ ಬಿತ್ತು. 1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನಿಕರು ಸುಟ್ಟರು. ಅಮೆರಿಕದ ದೇಣಿಗೆಯಿಂದ ಹೊಸ ಕಟ್ಟಡ ಎದ್ದಿತು, 1928ರಲ್ಲಿ ಉದ್ಘಾಟನೆಯಾಯಿತು. ದೇಣಿಗೆ ಕೊಟ್ಟ ಶಾಲೆ, ಕಾಲೇಜುಗಳ ಹೆಸರು ಇವತ್ತೂ ಅದರ ಗೋಡೆಯ ಕಲ್ಲುಗಳ ಮೇಲಿವೆ. 1940ರ ಮೇನಲ್ಲಿ ಯುದ್ಧ ಮತ್ತೆ ಬಂತು, ಸುಮಾರು 9 ಲಕ್ಷ ಪುಸ್ತಕ ಬೂದಿಯಾದವು. ಎರಡು ಸಲವೂ ಸೊನ್ನೆಯಿಂದ ಕೂಡಿಸಿದ ಗ್ರಂಥಾಲಯ ಅದು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಡಚ್ ಭಾಷಿಕರ ಕೋಪಕ್ಕೆ ಕಾರಣವಿತ್ತು. ದೇಶದಲ್ಲಿ ಅವರೇ ಜಾಸ್ತಿ. ಆದರೆ ಕೋರ್ಟು, ಸೈನ್ಯ, ದೊಡ್ಡ ಹುದ್ದೆ ಎಲ್ಲ ಕಡೆ ಫ್ರೆಂಚ್‌ನದೇ ದರ್ಬಾರು. ಡಚ್ ಸೀಮೆಯಾದ ಫ್ಲಾಂಡರ್ಸ್‌ನ ಸಿರಿವಂತರೇ ಮನೆಯಲ್ಲಿ ಫ್ರೆಂಚ್ ಮಾತಾಡುತ್ತಿದ್ದರು. ಹಾಗಾಗಿ ಇದು ಭಾಷೆಯ ಜಗಳ ಮಾತ್ರ ಅಲ್ಲ, ಯಾರ ಮಗ ಯಾವ ಕುರ್ಚಿಯಲ್ಲಿ ಕೂರಬಹುದು ಅನ್ನುವ ಜಗಳ. ವರ್ಷಗಳು ಕಳೆದಂತೆ ಲ್ಯೂವೆನ್‌ನಲ್ಲಿ ಎರಡೂ ಭಾಷೆಯ ತರಗತಿಗಳು ಅಕ್ಕಪಕ್ಕ ನಡೆಯತೊಡಗಿದವು.

1962ರಲ್ಲಿ ದೇಶಕ್ಕೆ ಭಾಷೆಯ ಗಡಿ ಎಳೆದರು. ಲ್ಯೂವೆನ್ ಡಚ್ ಸೀಮೆಗೆ ಸೇರಿತು, ಫ್ರೆಂಚ್ ವಿಭಾಗ ಅಲ್ಲೇ ಉಳಿಯಿತು. ಆಗಲೇ ಬ್ರಸೆಲ್ಸ್ ಫ್ರೆಂಚ್ ನಗರವಾಗಿ ಬದಲಾಗಿತ್ತು. ಮುಂದೆ ಲ್ಯೂವೆನ್ ಕೂಡ ಹಾಗೇ ಆಗುತ್ತದೆ ಎಂದು ಡಚ್ ಭಾಷಿಕರಿಗೆ ಭಯ. ಫ್ರೆಂಚ್ ಪ್ರಾಧ್ಯಾಪಕರಿಗೆ ಬೇರೆ ಚಿಂತೆ: ಡಚ್ ಸೀಮೆಯಲ್ಲಿ ಮಕ್ಕಳನ್ನು ಯಾವ ಶಾಲೆಗೆ ಸೇರಿಸೋದು? ಎರಡೂ ಸುಮ್ನೆ ತಳ್ಳಿಹಾಕುವ ಮಾತಲ್ಲ.

1966ರ ಮೇನಲ್ಲಿ ಬಿಷಪ್‌ಗಳು ಭಾಷೆಯ ಮೇಲೆ ವಿಶ್ವವಿದ್ಯಾಲಯ ಒಡೆಯುವುದಿಲ್ಲ ಎಂದು ಪ್ರಕಟಿಸಿದರು. ವಿದ್ಯಾರ್ಥಿಗಳು ಬೀದಿಗಿಳಿದರು. 1968ರ ಜನವರಿಯಲ್ಲಿ ಫ್ರೆಂಚ್ ವಿಭಾಗ ಲ್ಯೂವೆನ್‌ನಲ್ಲೇ ಬೆಳೆಯುವ ಯೋಜನೆ ಮುಂದಿಟ್ಟಾಗ ಊರೇ ಕೆರಳಿತು. 'ವಾಲನ್ನರೇ (ಬೆಲ್ಜಿಯಂನ ಫ್ರೆಂಚ್ ಭಾಷಿಕರೇ) ಹೊರಗೆ ಹೋಗಿ' ಎಂಬ ಕೂಗು ಗೋಡೆಗಳ ಮೇಲೆ ಬಂತು. ಒಡಕು ಬೇಡ ಅಂದಿದ್ದ ಬಿಷಪ್‌ಗಳಲ್ಲಿ ಬ್ರೂಜ್‌ನವರು, ತಮ್ಮದು ತಪ್ಪಾಯಿತು ಎಂದು ಸಾರ್ವಜನಿಕವಾಗಿ ಒಪ್ಪಿಕೊಂಡರು. ಫೆಬ್ರವರಿಯಲ್ಲಿ ದೇಶದ ಸರ್ಕಾರವೇ ಬಿತ್ತು. ವಿಶ್ವವಿದ್ಯಾಲಯ ಇಬ್ಭಾಗವಾಯಿತು. ಮುಂದಿನ ಹತ್ತು ವರ್ಷದಲ್ಲಿ ದೊಡ್ಡ ಪಕ್ಷಗಳೂ ಭಾಷೆಯ ಮೇಲೆ ಒಡೆದವು.

ಫ್ರೆಂಚ್ ವಿಭಾಗಕ್ಕಾಗಿ ಹೊಲಗಳ ನಡುವೆ ಹೊಸ ಊರು ಕಟ್ಟಿದರು, ಅದೇ ಲೂವ್ಯಾ-ಲಾ-ನವ್. ಮೇಲೆ ಜನ ನಡೆದಾಡಲು ಬೀದಿ, ಕೆಳಗೆ ಕಾರುಗಳಿಗೆ ದಾರಿ. ವೈದ್ಯ ವಿಭಾಗ ಬ್ರಸೆಲ್ಸ್‌ಗೆ ಹೋಯಿತು. ಸ್ಥಳಾಂತರ ಪೂರ್ತಿಯಾಗುವಷ್ಟರಲ್ಲಿ 1979.

ಪುಸ್ತಕಗಳನ್ನೂ ಹಂಚಿದರು. ಹೇಗೆ ಹಂಚೋದು ಎಂದು ತೀರ್ಮಾನವಾಗದಿದ್ದಲ್ಲಿ ಕಪಾಟಿನ ಸಂಖ್ಯೆ ನೋಡಿದರು. ಬೆಸ ಸಂಖ್ಯೆಯದ್ದು ಲ್ಯೂವೆನ್‌ನಲ್ಲೇ ಉಳಿಯಿತು, ಸರಿ ಸಂಖ್ಯೆಯದ್ದು ಹೊಸ ಊರಿನ ದಾರಿ ಹಿಡಿಯಿತು. ತಮ್ಮ ಭಾಷೆಯಲ್ಲಿ ಕಲಿಯಬೇಕು ಅನ್ನುವುದು ನ್ಯಾಯವಾದ ಬೇಡಿಕೆ. ಆದರೆ ಎರಡು ಯುದ್ಧ ಕಂಡ ಗ್ರಂಥಾಲಯವನ್ನು ಹೀಗೆ ಎಣಿಸಿ ಹಂಚಿದ್ದು ಕರುಳು ಹಿಂಡುತ್ತದೆ. ಪುಸ್ತಕಗಳನ್ನಾದರೂ ಒಟ್ಟಿಗೆ ಇಡಬಹುದಿತ್ತು, ಅಲ್ವಾ?

ಈಗ ಲ್ಯೂವೆನ್‌ನಲ್ಲಿ ಚರ್ಚೆ ಇಂಗ್ಲಿಷ್ ಬಗ್ಗೆ. ಹೊರದೇಶದ ವಿದ್ಯಾರ್ಥಿಗಳು ಬರುತ್ತಾರೆ, ಸ್ನಾತಕೋತ್ತರ ಕೋರ್ಸುಗಳು ಬಹಳಷ್ಟು ಇಂಗ್ಲಿಷ್‌ನಲ್ಲಿವೆ. ಅಂಥ ಕೋರ್ಸುಗಳು ಎಷ್ಟಿರಬಹುದು ಎಂಬುದಕ್ಕೆ ಫ್ಲಾಂಡರ್ಸ್‌ನ ಕಾನೂನು ಮಿತಿ ಹಾಕಿದೆ.