ನದಿಯಿಲ್ಲದ ಕಾಡಿನಲ್ಲಿ ಮಾಯಾ ಜನ ನಗರ ಕಟ್ಟಿದ್ದು ಹೇಗೆ?

ಪ್ರಶ್ನೆ: ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ದೊಡ್ಡ ನಗರಗಳು ದಟ್ಟ ಕಾಡಿನಲ್ಲಿವೆ, ಹತ್ತಿರ ನದಿಯೂ ಇಲ್ಲ. ಬೇಸಾಯ ಹೇಗೆ ನಡೆಯಿತು? ಕಾಡು ಸುಟ್ಟು ಸುಟ್ಟು ಮಣ್ಣು ಸತ್ತು ಅವರು ನಿರ್ನಾಮವಾದರಂತೆ, ನಿಜವೇ?

ಉತ್ತರ: ಕೋಪಾನ್‌ನಂತಹ ನದಿದಂಡೆಯ ನಗರಗಳೂ ಇದ್ದವು. ಆದರೆ ಯುಕಟಾನ್ ಪರ್ಯಾಯದ್ವೀಪ ಬಹುಪಾಲು ಸುಣ್ಣಕಲ್ಲಿನ ಹಾಸು. ಬಿದ್ದ ಮಳೆ ಹರಿಯುವುದಿಲ್ಲ, ಇಂಗಿಹೋಗುತ್ತದೆ. ಉತ್ತರದಲ್ಲಿ ಕಲ್ಲಿನ ಮೇಲ್ಪದರ ಕುಸಿದು ಅಂತರ್ಜಲ ಕಾಣುವ ಹೊಂಡಗಳಿವೆ, ಅವಕ್ಕೆ ಸಿನೋಟೆ ಎನ್ನುತ್ತಾರೆ. ಚಿಚೆನ್ ಇಟ್ಸಾ ನಿಂತದ್ದು ಅವುಗಳ ಪಕ್ಕದಲ್ಲೇ. ಉಶ್ಮಾಲ್ ಇರುವ ಪೂಕ್ ಗುಡ್ಡಗಳಲ್ಲಿ ಆ ಅನುಕೂಲವಿರಲಿಲ್ಲ. ಅಲ್ಲಿ ಬಂಡೆಯೊಳಗೆ ಸೀಸೆಯಾಕಾರದ ತೊಟ್ಟಿ ಕೊರೆದು, ಒಳಗೆ ಸುಣ್ಣದ ಗಾರೆ ಬಳಿದು, ಬಾಯಿಯ ಸುತ್ತ ಇಳಿಜಾರಾಗಿ ಗಚ್ಚು ಹಾಕಿ ಮಳೆನೀರು ತುಂಬಿಸುತ್ತಿದ್ದರು. ಗಾರೆ ಬಿರುಕು ಬಿಟ್ಟರೆ ನೀರು ಕಲ್ಲಿನ ಪಾಲು.

ಗ್ವಾಟೆಮಾಲಾದ ಟಿಕಾಲ್‌ನಲ್ಲಿ ಅಂತರ್ಜಲ ಕೈಗೆಟುಕದಷ್ಟು ಆಳ. ಹಾಗಾಗಿ ನಗರದ ಅಂಗಳಗಳಿಗೇ ಗಚ್ಚು ಹಾಕಿ, ವಾಟ ಕೊಟ್ಟು, ನೀರನ್ನು ಕೆರೆಗಳಿಗೆ ಇಳಿಸಿದರು. ಜನವರಿಯಿಂದ ಮೇವರೆಗಿನ ಒಣ ತಿಂಗಳುಗಳನ್ನು ದಾಟಿಸಿದ್ದು ಆ ಕೆರೆಗಳು. ಒಂದು ಕೆರೆಯಲ್ಲಿ ಜಿಯೋಲೈಟ್ ಎಂಬ ಖನಿಜ ಮತ್ತು ಸ್ಫಟಿಕ ಮರಳಿನ ಶೋಧಕವೇ ಇತ್ತು. ಆದರೆ ಅರಮನೆ ಪಕ್ಕದ ಕೆರೆಯ ಹೂಳಿನಲ್ಲಿ ಪಾದರಸ ಸಿಕ್ಕಿದೆ. ಕಟ್ಟಡಗಳಿಗೆ ಬಳಿದ ಇಂಗಲೀಕದ (ಪಾದರಸದ ಅದಿರು) ಕೆಂಪು ಬಣ್ಣ ಮಳೆಗೆ ತೊಳೆದು ಅಲ್ಲಿಗೇ ಸೇರುತ್ತಿತ್ತು.

ಇನ್ನು ಕಾಡು ಸುಟ್ಟ ಕತೆ. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ, ಆದ್ದರಿಂದ ಸಾವಕಾಶವಾಗಿ ನೋಡೋಣ. ಅವರಲ್ಲಿ ಕುಮರಿ ಬೇಸಾಯ ಇತ್ತು: ಒಣಗಾಲದಲ್ಲಿ ಕಡಿದು, ಮೊದಲ ಮಳೆಗೆ ಮುಂಚೆ ಸುಟ್ಟು, ಚೂಪುಗೋಲಿನಿಂದ ಕುಳಿ ಮಾಡಿ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಕುಂಬಳ ಒಟ್ಟಿಗೆ ಬಿತ್ತುವುದು. ಮಳೆ ಬೇಗ ಬಂದರೆ ಸೊಪ್ಪು ಸುಡದು, ತಡವಾದರೆ ಬೀಜ ಒಣಗೀತು. ಆದರೆ ಅಷ್ಟೇ ಇತ್ತು ಎಂಬುದು ಸುಳ್ಳು. ಎರಡು ವರ್ಷ ಬೆಳೆದು ಹತ್ತು ವರ್ಷ ಬಿಟ್ಟರೆ ಯಾವ ವರ್ಷವೂ ಆರನೇ ಒಂದು ಪಾಲು ನೆಲ ಮಾತ್ರ ಬೆಳೆಗೆ ಸಿಗುತ್ತದೆ. 2018ರಲ್ಲಿ ಪ್ರಕಟವಾದ ಲೈಡಾರ್ (ವಿಮಾನದಿಂದ ಲೇಸರ್ ಬೆಳಕು ಹಾಯಿಸಿ ಕಾಡಿನಡಿಯ ನೆಲ ಅಳೆಯುವ ವಿಧಾನ) ಸಮೀಕ್ಷೆ ಉತ್ತರ ಗ್ವಾಟೆಮಾಲಾದ ಪೆಟೆನ್‌ನ 2,144 ಚದರ ಕಿ.ಮೀ.ಯಲ್ಲಿ 61,480 ಕಟ್ಟಡಗಳನ್ನು ಗುರುತಿಸಿ, ಚದರ ಕಿಲೋಮೀಟರಿಗೆ 80ರಿಂದ 120 ಜನ ಎಂದು ಅಂದಾಜಿಸಿತು. ಬರೀ ಕುಮರಿಯಲ್ಲಿ ಇಷ್ಟು ಹೊಟ್ಟೆ ತುಂಬುವುದುಂಟೇ? ಇನ್ನೊಂದು, ಇಂದಿನ ಹೊಲ ನೋಡಿ ಅಂದಿನದನ್ನು ಊಹಿಸುವವರು ಕೊಡಲಿಯನ್ನೇ ಮರೆಯುತ್ತಾರೆ. ಉಕ್ಕಿನ ಕೊಡಲಿ ಬಂದದ್ದು ಸ್ಪೇನಿನವರ ಜೊತೆ. ಕಲ್ಲಿನ ಕೊಡಲಿಯಲ್ಲಿ ದೊಡ್ಡ ಮರಗಳನ್ನು ಪದೇಪದೇ ಉರುಳಿಸಲು ಯಾರಿಗೆ ಪುರುಸೊತ್ತು?

ಅವರು ಮಾಡಿದ್ದೇ ಬೇರೆ. ಬೆಲೀಜ್‌ನ ಕಾರಕೋಲ್‌ನಲ್ಲಿ ಇಳಿಜಾರಿಗೆ ಅಡ್ಡಲಾಗಿ ಕಲ್ಲುಗೋಡೆ ಕಟ್ಟಿ ಮಣ್ಣನ್ನೂ ತೇವವನ್ನೂ ತಡೆದರು. ಜೌಗಿನಲ್ಲಿ ಕಾಲುವೆ ತೋಡಿ, ತೆಗೆದ ಕೆಸರನ್ನು ಪಕ್ಕದ ಮಡಿಗೆ ಏರಿಸಿದರು. ಕೆಸರೇ ಗೊಬ್ಬರ, ಬೇಸಿಗೆಯಲ್ಲೂ ತೇವ. ಮನೆಯ ಹಿತ್ತಲಲ್ಲಿ ಬೆಣ್ಣೆಹಣ್ಣು, ಪರಂಗಿ, ಸಪೋಟ. ಹೌದು, ನಮ್ಮ ತೋಟದ ಸಪೋಟವೇ. ಅದರ ತವರು ಅಲ್ಲಿ, ಟಿಕಾಲ್ ಗುಡಿಗಳ ಬಾಗಿಲ ಮೇಲಿನ ತೊಲೆಗಳೂ ಅದೇ ಮರದವು.

ಮಣ್ಣು ಕೊಚ್ಚಿಹೋಗಲಿಲ್ಲವೇ? ಹೋಯಿತು. ಆದರೆ ಪೆಟೆನ್‌ನ ಸಾಲ್ಪೆಟೆನ್ ಕೆರೆಯ ತಳದ ಹೂಳು ನೋಡಿದರೆ ಅತಿ ಹೆಚ್ಚು ಕೊಚ್ಚಿದ್ದು ಜನ ಕಿಕ್ಕಿರಿದಿದ್ದ 8ನೇ ಶತಮಾನದಲ್ಲಲ್ಲ, ಅದಕ್ಕೂ ನೂರಾರು ವರ್ಷ ಮೊದಲು. ದಕ್ಷಿಣದ ನಗರಗಳು ಬರಿದಾದದ್ದಕ್ಕೆ ಯುದ್ಧಗಳು, ಸುಮಾರು 800ರಿಂದ 1000ರ ನಡುವಿನ ಬರಗಾಲಗಳು ಎಲ್ಲ ಸೇರಿದ್ದವು. ಇನ್ನು "ನಿರ್ನಾಮ" ಎಂಬ ಮಾತು ಬಿಡಿ. ಮಾಯಾ ಭಾಷೆಗಳನ್ನಾಡುವವರು ಇಂದೂ ಲಕ್ಷಗಟ್ಟಲೆ ಇದ್ದಾರೆ.

ಯಾರೂ ಕೇಳದಿದ್ದರೂ ಒಂದು ಮಾತು. ಆ ಸುಣ್ಣಕಲ್ಲು ಕಟ್ಟಡಕ್ಕಷ್ಟೇ ಅಲ್ಲ, ಅಡುಗೆಗೂ ಬೇಕಿತ್ತು. ಕಲ್ಲನ್ನು ಸುಟ್ಟು ಸುಣ್ಣ ಮಾಡಿ, ಕಾಳಿನ ತೂಕದ ಶೇ. 1ರಷ್ಟನ್ನು ನೀರಿಗೆ ಹಾಕಿ ಮೆಕ್ಕೆಜೋಳ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ರುಬ್ಬಬೇಕು. ಸುಣ್ಣ ಕಡಿಮೆಯಾದರೆ ಸಿಪ್ಪೆ ಬಿಡದು, ಹೆಚ್ಚಾದರೆ ಹಿಟ್ಟು ಹಳದಿಯಾಗಿ ಒಗರು. ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದು ಹೀಗೆ ಮಾಡಿದಾಗಲೇ. ಯುರೋಪಿನವರು ಬೀಜ ಒಯ್ದರು, ಸುಣ್ಣದ ವಿಧಾನ ಒಯ್ಯಲಿಲ್ಲ. 18ನೇ ಶತಮಾನದ ಹೊತ್ತಿಗೆ ಸ್ಪೇನ್, ಇಟಲಿಯ ಬಡ ರೈತರಲ್ಲಿ ನಯಾಸಿನ್ ಕೊರತೆಯ ರೋಗವಾದ ಪೆಲಾಗ್ರಾ ಹರಡಿತು.