ಕ್ಯಾಲ್ಸಿಯಂ ಅಂತ ನಂಬಿದ ಮೂಳೆ

ವಿಕಿರಣ ಅಂದರೆ ಹೊರಗಿನಿಂದ ಬಂದು ಸುಡುವ ಕಿರಣ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 1920ರ ದಶಕದ ಅಮೆರಿಕದಲ್ಲಿ ರೇಡಿಯಂ ಅನ್ನುವ ವಿಕಿರಣ ಹೊಮ್ಮಿಸುವ ಲೋಹ ಕೊಂದಿದ್ದು ಮಾತ್ರ ಒಳಗಿನಿಂದ. ದೇಹವೇ ಅದಕ್ಕೆ ಮೂಳೆಯಲ್ಲಿ ಜಾಗ ಕೊಟ್ಟಿತ್ತು.

ಆಗ ರೇಡಿಯಂ ಮೇಲೆ ಎಂಥ ಮೋಹ ಇತ್ತು ಗೊತ್ತಾ? 1921ರಲ್ಲಿ ಮೇರಿ ಕ್ಯೂರಿ ಅಲ್ಲಿಗೆ ಹೋದಾಗ ಹೆಂಗಸರು ಚಂದಾ ಎತ್ತಿ 1 ಗ್ರಾಂ ರೇಡಿಯಂ ಕೊಡಿಸಿದರು. ಬೆಲೆ 1 ಲಕ್ಷ ಡಾಲರ್! ಅಧ್ಯಕ್ಷ ಹಾರ್ಡಿಂಗ್ ಅವರೇ ಅದನ್ನು ಒಪ್ಪಿಸಿದರು. ಕ್ಯಾನ್ಸರ್ ಗಡ್ಡೆಯನ್ನೇ ಕುಗ್ಗಿಸುವ ವಸ್ತು, ಹಾಗಾದರೆ ಕುಡಿದರೂ ಒಳ್ಳೆಯದೇ ಅಲ್ವಾ ಅಂತ ಜನ ನಂಬಿದರು.

ಅದೇ ಹೊತ್ತಿಗೆ ಕೈಗಡಿಯಾರ ಫ್ಯಾಷನ್ ಆಗಿತ್ತು, ಹುಡುಗಿಯರು ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಸ್ವಂತ ಸಂಬಳ ತರುತ್ತಿದ್ದರು. ನ್ಯೂಜೆರ್ಸಿಯ ಆರೆಂಜ್ ಊರಿನ ಫ್ಯಾಕ್ಟರಿಯಲ್ಲಿ ಅವರು ರೇಡಿಯಂ ಬೆರೆಸಿದ ಬಣ್ಣದಿಂದ ಗಡಿಯಾರದ ಡಯಲ್ ಮೇಲೆ ಹೊಳೆಯುವ ಅಂಕಿ ಬರೆಯುತ್ತಿದ್ದರು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಬೇಕು, ಬಣ್ಣಕ್ಕೆ ಅದ್ದಬೇಕು, ಅಂಕಿ ಬರೆಯಬೇಕು, ಮತ್ತೆ ತುಟಿಗೆ. ಹೀಗೇ ಮಾಡಿ ಅಂತ ಅವರಿಗೆ ಕಲಿಸಿದ್ದರು. ಆ ಬಣ್ಣವನ್ನು ಕೆಲವರು ತಮಾಷೆಗೆ ಉಗುರಿಗೂ ಹಚ್ಚಿಕೊಳ್ಳುತ್ತಿದ್ದರು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಆವರ್ತ ಕೋಷ್ಟಕದಲ್ಲಿ ಕ್ಯಾಲ್ಸಿಯಂ ಇರುವ ಕಂಬಸಾಲಿನಲ್ಲೇ ಕೆಳಗೆ ಸ್ಟ್ರಾನ್ಷಿಯಂ, ಬೇರಿಯಂ, ಕೊನೆಗೆ ರೇಡಿಯಂ ಇವೆ. ಎಲ್ಲಕ್ಕೂ ಹೊರಗಿನ ಸುತ್ತಿನಲ್ಲಿ ಎರಡೇ ಎಲೆಕ್ಟ್ರಾನ್, ಎರಡನ್ನೂ ಬಿಟ್ಟುಕೊಡುವುದೇ ಸ್ವಭಾವ. ಒಂದೇ ಯೂನಿಫಾರ್ಮ್ ಹಾಕಿ ಬಂದ ಹೊರಗಿನ ಹುಡುಗನನ್ನು ಶಾಲೆಯ ಗೇಟಿನವನು ತಡೆಯುವುದಿಲ್ಲವಲ್ಲ, ಹಾಗೆ ಮೂಳೆಯೂ ರೇಡಿಯಂ ಅನ್ನು ಒಳಗೆ ಬಿಟ್ಟುಕೊಂಡು ಕ್ಯಾಲ್ಸಿಯಂ ಇರಬೇಕಾದ ಜಾಗದಲ್ಲಿ ಕೂರಿಸುತ್ತದೆ. ರೇಡಿಯಂನಿಂದ ಸಿಡಿಯುವ ವಿಕಿರಣದ ಕಣವನ್ನು, ಅಂದರೆ ಆಲ್ಫಾ ಕಣವನ್ನು, ಒಂದು ಹಾಳೆ ಕಾಗದ ತಡೆಯುತ್ತದೆ, ಚರ್ಮದ ಸತ್ತ ಪದರವೂ ತಡೆಯುತ್ತದೆ. ಆದರೆ ಮೂಳೆಯ ಒಳಗೆ ತಡೆಯಲು ಇರುವುದು ಜೀವಂತ ಕೋಶಗಳೇ! ಆ ಕಣ ತನ್ನ ಶಕ್ತಿಯನ್ನೆಲ್ಲ ಅಕ್ಕಪಕ್ಕದ ಕೆಲವೇ ಕೋಶಗಳ ಮೇಲೆ ಸುರಿದುಬಿಡುತ್ತದೆ. ರೇಡಿಯಂ 226 ಅನ್ನುವ ಬಗೆಯ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಕರಗಲು ಬೇಕಾದ ಕಾಲ, 1600 ವರ್ಷ, ಹಾಗಾಗಿ ಇದು ಜೀವಮಾನವಿಡೀ ನಿಲ್ಲುವುದಿಲ್ಲ. ಡಯಲ್ ಬರೆದ ಹುಡುಗಿಯರ ದವಡೆ ಕೊಳೆಯಿತು, ರಕ್ತ ಹುಟ್ಟಿಸುವ ಮಜ್ಜೆ ಸೋತಿತು. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲ ಆ ಹುಡುಗಿಯರ ಉಸಿರಿನಲ್ಲೇ ಬರುತ್ತಿತ್ತು. ಅದನ್ನು ಅಳೆದೇ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1925ರಲ್ಲಿ ಕಾರಣವನ್ನು ಗಟ್ಟಿಯಾಗಿ ಹೇಳಿದರು.

ಕಂಪನಿ ಒಪ್ಪಲಿಲ್ಲ. ಡಯಲ್ ಬರೆಯುತ್ತಿದ್ದ ಗ್ರೇಸ್ ಫ್ರೈಯರ್ ಮತ್ತು ಇನ್ನೂ ನಾಲ್ವರು ಕೋರ್ಟಿಗೆ ಹೋದರು. 1928ರಲ್ಲಿ ರಾಜಿಯಾಗಿ ತಲಾ 10,000 ಡಾಲರ್, ಬದುಕಿರುವವರೆಗೆ ವರ್ಷಕ್ಕೆ 600 ಡಾಲರ್ ಸಿಕ್ಕಿತು.

ಇಷ್ಟಾದರೂ ರೇಡಿಯಂ ನೀರಿನ ವ್ಯಾಪಾರ ನಿಲ್ಲಲಿಲ್ಲ. ವಿಲಿಯಂ ಬೇಯ್ಲಿ ಅನ್ನುವವನು 'ರೇಡಿಥಾರ್' ಹೆಸರಿನ ಚಿಕ್ಕ ಶೀಸೆಗಳನ್ನು ಒಂದಕ್ಕೆ 1 ಡಾಲರಿನಂತೆ ಮಾರುತ್ತಿದ್ದ. ಇದರಲ್ಲಿ ಹೇಳಿದಷ್ಟು ರೇಡಿಯಂ ಇಲ್ಲ ಅಂತ ತೋರಿಸಿದವರಿಗೆ 1,000 ಡಾಲರ್ ಬಹುಮಾನ ಅಂತಲೂ ಸಾರಿದ್ದ. ಶೀಸೆಯಲ್ಲಿ ರೇಡಿಯಂ ನಿಜವಾಗಿಯೂ ಇತ್ತು, ಅದಕ್ಕೇ ಜನ ಸತ್ತರು. ರೇಡಿಯಂ ಇಲ್ಲದ ನಕಲಿ ನೀರು ಕುಡಿದವರು ಬಚಾವಾದರು. ಗಾಲ್ಫ್ ಚಾಂಪಿಯನ್, ಶ್ರೀಮಂತ ಎಬೆನ್ ಬೈಯರ್ಸ್ ತೋಳುನೋವಿಗೆ ಅಂತ ಶುರು ಮಾಡಿ ಸುಮಾರು 1,400 ಶೀಸೆ ಕುಡಿದರು. ಅವರ ದವಡೆಯ ಬಹುಭಾಗ ಹೋಯಿತು. 1932ರಲ್ಲಿ ತೀರಿಕೊಂಡರು. 'ಶಕ್ತಿ ತುಂಬಿದ ನೀರು', 'ಶಕ್ತಿ ಹೊಮ್ಮಿಸುವ ಪೆಂಡೆಂಟ್' ಅಂತ ಯಾರಾದರೂ ಮಾರಲು ಬಂದರೆ, ಯಾವ ಶಕ್ತಿ, ದೇಹದಲ್ಲಿ ಎಲ್ಲಿಗೆ ಹೋಗುತ್ತೆ ಅಂತ ದಯವಿಟ್ಟು ಕೇಳಿ.

ಬೈಯರ್ಸ್ ಸತ್ತಾಗ ಅಮೆರಿಕದಲ್ಲಿ ಇದ್ದದ್ದು 1906ರ ಔಷಧ ಕಾನೂನು. ಮಾರುವ ಮೊದಲು ಸುರಕ್ಷತೆ ತೋರಿಸಿ ಅಂತ ಅದು ಕೇಳುತ್ತಲೇ ಇರಲಿಲ್ಲ. ಹೊಸ ಔಷಧಗಳಿಗೆ ಆ ನಿಯಮ ಬಂದಿದ್ದು 1938ರಲ್ಲಿ. ದೇಹದೊಳಗೆ ಎಷ್ಟು ರೇಡಿಯಂ ಇದ್ದರೆ ತಡೆದುಕೊಳ್ಳಬಹುದು ಅನ್ನುವ ಮಿತಿಯನ್ನು 1941ರಲ್ಲಿ ಗೊತ್ತುಮಾಡಿದರು. ಅದು 0.1 ಮೈಕ್ರೋಕ್ಯೂರಿ (ಕ್ಯೂರಿ ಅನ್ನುವುದು ವಿಕಿರಣದ ಅಳತೆ, ಮೈಕ್ರೋ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು). ಆ ಲೆಕ್ಕಕ್ಕೆ ಆಧಾರವಾದವರಲ್ಲಿ ಡಯಲ್ ಬರೆದ ಹುಡುಗಿಯರೂ ಇದ್ದರು. ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿಗೆ ಬಳಸುವ ಪ್ಲುಟೋನಿಯಂ ಜೊತೆ ಕೆಲಸ ಮಾಡುವವರಿಗೆ ಮಿತಿ ಹಾಕುವಾಗಲೂ ಇದನ್ನೇ ಮುಂದಿಟ್ಟುಕೊಂಡರು.